ಹಳೇ ಊರಿನ ದೊಡ್ಡ ನಕ್ಷೆ: ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದನ್ನು ಸುಮ್ನೆ ನೋಡಿದರೆ ಸಾಕು

ಬ್ರಿಟನ್ನಿನಲ್ಲಿ ನೂರು ವರ್ಷಕ್ಕೂ ಹಳೆಯ ಟೆರೇಸ್ ಮನೆ (ಗೋಡೆಗೆ ಗೋಡೆ ಅಂಟಿಕೊಂಡ ಸಾಲು ಮನೆ) ಕೊಂಡ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಬಾಯ್ಲರ್ ರಿಪೇರಿ, ಸೋರುವ ಸೂರು ಎಲ್ಲ ಒಂದು ಹದಕ್ಕೆ ಬಂದ ಮೇಲೆ ತಲೆಗೆ ಬೇರೆ ಹುಳ ಹೊಕ್ಕುತ್ತದೆ. ಇಲ್ಲಿ ಮುಂಚೆ ಯಾರಿದ್ದರು? ಹಿತ್ತಲ ಮೂಲೆಯ ಇಟ್ಟಿಗೆ ಕೋಣೆ ಕಕ್ಕಸೋ, ಕಲ್ಲಿದ್ದಲು ಇಡುವ ಜಾಗವೋ? ರಸ್ತೆ ಕೊನೆಯ ಫ್ಲ್ಯಾಟುಗಳು ಏಳುವ ಮುಂಚೆ ಅಲ್ಲಿ ಏನಿತ್ತು? ಇನ್ನೊಂದು ಗುಂಪಿನವರೂ ಇದ್ದಾರೆ. ಬೆಂಗಳೂರು ದಂಡಿನ ಕಡೆಯವರು, ಕೆಜಿಎಫ್ ಕಡೆಯವರು. ಮುತ್ತಜ್ಜ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸಕ್ಕೆ ಬಂದವರು ಅಂತಲೋ, ಲಂಡನ್ನಿನಿಂದ ಸೈನ್ಯದ ಜೊತೆ ಬಂದವರು ಅಂತಲೋ ಮನೆಯಲ್ಲಿ ಕೇಳಿರುತ್ತಾರೆ, ಹಳೇ ಜನಗಣತಿಯ ಹಾಳೆಯಲ್ಲಿ ಒಂದು ಬೀದಿಯ ಹೆಸರೂ ಸಿಕ್ಕಿರುತ್ತದೆ, ಆದರೆ ಆ ಬೀದಿ ಇವತ್ತಿನ ಗೂಗಲ್ ಮ್ಯಾಪಿನಲ್ಲಿ ಇರುವುದೇ ಇಲ್ಲ.

ಎರಡೂ ಗುಂಪಿನವರಿಗೆ ಬೇಕಾಗುವುದು ಒಂದೇ ವಸ್ತು. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯವರ ಹಳೇ ದೊಡ್ಡ ನಕ್ಷೆ. ಅದು ಈಗ ಹತ್ತಾರು ರೂಪದಲ್ಲಿ ಸಿಗುತ್ತದೆ. ಮಡಿಸಿದ ಅಗ್ಗದ ಮರುಮುದ್ರಣ, ಚೌಕಟ್ಟು ಹಾಕಿಸಿಕೊಳ್ಳುವ ದುಬಾರಿ ಪ್ರಿಂಟು, ಪುಸ್ತಕ, ಪುಕ್ಕಟೆ ಸ್ಕ್ಯಾನು. ಯಾವುದು ತಗೊಳ್ಳಲಿ ಅಂತ ಕೇಳುವವರೆಲ್ಲ ಮೊದಲು ಸ್ಕೇಲಿನ ಬಗ್ಗೆಯೇ ಕೇಳುತ್ತಾರೆ. ನನ್ನ ಪ್ರಕಾರ ಸ್ಕೇಲಿಗಿಂತ ವರ್ಷ ಮುಖ್ಯ. ಆದರೂ ಸ್ಕೇಲು ಗೊತ್ತಿಲ್ಲದೆ ಮಾತು ಮುಂದೆ ಹೋಗುವುದಿಲ್ಲ, ಅದನ್ನೇ ಮೊದಲು ಮುಗಿಸೋಣ.

ಒಂದು ಮನೆ ಎಷ್ಟು ಅಗಲ ಕಾಣುತ್ತದೆ?

ಆರ್ಡ್‌ನೆನ್ಸ್ ಸರ್ವೆ ಶುರುವಾದದ್ದು 1791ರಲ್ಲಿ. ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ ವರ್ಷವೇ. ಮೊದಲು ಅದು ಸೈನ್ಯದ ಕೆಲಸ, ಒಂದು ಮೈಲಿಗೆ ಒಂದಿಂಚು. ಆಮೇಲೆ ಆರಿಂಚು ಬಂತು, 1850ರ ದಶಕದಲ್ಲಿ ಡರಮ್ ಕೌಂಟಿಯಿಂದ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಇಪ್ಪತ್ತೈದಿಂಚು ಶುರುವಾಯಿತು. ಈ ಹೆಸರುಗಳೆಲ್ಲ ಒಂದು ಮೈಲಿಗೆ ಎಷ್ಟು ಇಂಚು ಅನ್ನುವ ಲೆಕ್ಕ, ಅಷ್ಟೆ. ಇಪ್ಪತ್ತೈದಿಂಚಿನದು ಅಂದರೆ 1:2500, ಕಾಗದದ ಒಂದಿಂಚು ನೆಲದ ಮೇಲೆ 2500 ಇಂಚು. ಸಾಗುವಳಿ ಇಲ್ಲದ ಬೆಟ್ಟ-ಬಯಲು ಬಿಟ್ಟು ಉಳಿದ ಬ್ರಿಟನ್ ಪೂರ್ತಿ 1890ರ ದಶಕದ ಹೊತ್ತಿಗೆ ಈ ಅಳತೆಯಲ್ಲಿ ಕಾಗದಕ್ಕೆ ಇಳಿದಿತ್ತು.

ಅಂಕಿ ನೋಡಿದರೆ ಏನೂ ಹೊಳೆಯುವುದಿಲ್ಲ. ಐದು ಮೀಟರ್ ಅಗಲದ ಒಂದು ಸಾಧಾರಣ ಟೆರೇಸ್ ಮನೆ ತಗೊಳ್ಳಿ. ಒಂದಿಂಚಿನ ನಕ್ಷೆಯಲ್ಲಿ ಅದು ಕಾಣುವುದೇ ಇಲ್ಲ, ಇಡೀ ಬೀದಿಯೇ ಒಂದು ಕಪ್ಪು ಗೀಟು. ಆರಿಂಚಿನಲ್ಲಿ ಅರ್ಧ ಮಿಲಿಮೀಟರ್. ಇಪ್ಪತ್ತೈದಿಂಚಿನಲ್ಲಿ ಎರಡು ಮಿಲಿಮೀಟರ್, ಮನೆ ಮನೆ ನಡುವಿನ ಗೆರೆ ಚೆನ್ನಾಗಿ ಕಾಣುತ್ತದೆ, ಮನೆಯ ಹಿಂದೆ ಚಾಚಿಕೊಂಡ ಭಾಗ ಕೂಡ. 1:1056ರಲ್ಲಿ, ಅಂದರೆ ಮೈಲಿಗೆ ಐದು ಅಡಿ, ಹತ್ತಿರ ಹತ್ತಿರ ಐದು ಮಿಲಿಮೀಟರ್. 1:500ರಲ್ಲಿ ಪೂರ್ತಿ ಒಂದು ಸೆಂಟಿಮೀಟರ್. ಅಲ್ಲಿಗೆ ಬಂದರೆ ಬಾಗಿಲ ಮುಂದಿನ ಮೆಟ್ಟಿಲೂ ಸಿಗುತ್ತದೆ.

ಹಾಗಾದರೆ 1:500 ತಗೊಂಡುಬಿಡೋಣ ಅನ್ನಿಸುತ್ತೆ, ಅಲ್ವಾ? ಸ್ವಲ್ಪ ತಡೀರಿ.

ಮೂಲೆಯಲ್ಲಿ ಬರೆದ ವರ್ಷ

ಪ್ರತಿ ಹಳೇ ಶೀಟಿನ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಎರಡು ಮೂರು ವರ್ಷ ಇರುತ್ತವೆ. ಅಳೆದದ್ದು ಯಾವಾಗ, ತಿದ್ದಿದ್ದು ಯಾವಾಗ, ಅಚ್ಚಾದದ್ದು ಯಾವಾಗ. ಮಾರುವವರು ದೊಡ್ಡದಾಗಿ ಬರೆಯುವುದು ಅಚ್ಚಾದ ವರ್ಷವಾಗಿರಬಹುದು. ನಿಮಗೆ ಬೇಕಾದದ್ದು ಅಳೆದ ಅಥವಾ ತಿದ್ದಿದ ವರ್ಷ. ಅಳೆದವರು ಬೀದಿಯಲ್ಲಿ ಓಡಾಡಿ ನಾಲ್ಕೈದು ವರ್ಷವಾದ ಮೇಲೆ ನಕ್ಷೆ ಅಚ್ಚಾಗಿರುವುದುಂಟು, ಆ ಮಧ್ಯೆ ಒಂದು ಹೊಸ ಬಡಾವಣೆಯೇ ಎದ್ದು ನಿಂತಿರಬಹುದು. ನಕ್ಷೆಯಲ್ಲಿ ನಿಮ್ಮ ಮನೆ ಇಲ್ಲ ಅಂದ ಮಾತ್ರಕ್ಕೆ ಅಚ್ಚಾದ ವರ್ಷ ನಿಮ್ಮ ಮನೆ ಇರಲಿಲ್ಲ ಅಂತ ಆಗುವುದಿಲ್ಲ.

ಇಪ್ಪತ್ತೈದಿಂಚಿನ ನಕ್ಷೆಗೆ ಒಟ್ಟು ಮೂರು ಸುತ್ತು ಅನ್ನಬಹುದು. ಮೊದಲ ಅಳತೆ 1850ರ ದಶಕದಿಂದ 1890ರ ದಶಕದವರೆಗೆ, ಊರಿಗೊಂದು ಕಾಲ. ಮೊದಲ ತಿದ್ದುಪಡಿ 1890ರ ದಶಕದಿಂದ ಮೊದಲ ಮಹಾಯುದ್ಧದ ಆಸುಪಾಸು. ಎರಡನೇ ತಿದ್ದುಪಡಿ 1904ರಿಂದ ಎರಡನೇ ಮಹಾಯುದ್ಧದವರೆಗೆ ಎಳೆದುಕೊಂಡು ಹೋಯಿತು. ನಿಮ್ಮ ಊರಿಗೆ ಯಾವ ಸುತ್ತು ಯಾವ ವರ್ಷ ಬಿತ್ತು ಅಂತ ಮೊದಲು ನೋಡಿಕೊಳ್ಳಿ.

ಅದನ್ನು ಜನಗಣತಿಯ ಪಕ್ಕ ಇಡಿ. ಮನೆಯವರ ಹೆಸರು ಸಮೇತ ಕೆಲಸಕ್ಕೆ ಬರುವ ಜನಗಣತಿ 1841ರಿಂದ ಹತ್ತು ವರ್ಷಕ್ಕೊಂದು ಇದೆ. 1921ರದ್ದು 2022ರ ಜನವರಿಯಲ್ಲಿ ಜನರಿಗೆ ಸಿಕ್ಕಿತು. ಇಂಗ್ಲೆಂಡ್ ಮತ್ತು ವೇಲ್ಸಿನ 1931ರ ಹಾಳೆಗಳು 1942ರ ಬೆಂಕಿಯಲ್ಲಿ ಸುಟ್ಟುಹೋದವು. 1941ರಲ್ಲಿ ಯುದ್ಧ, ಗಣತಿಯೇ ಆಗಲಿಲ್ಲ. ಆ ತೂತು ಮುಚ್ಚುವುದಕ್ಕೆ ಇರುವುದು ಯುದ್ಧ ಶುರುವಾದಾಗ ಮನೆ ಮನೆಯ ಜನರ ಹೆಸರು ಬರೆದ 1939ರ ರಿಜಿಸ್ಟರ್ ಒಂದೇ. ನಿಮ್ಮ ಮುತ್ತಜ್ಜಿ 1881ರ ಗಣತಿಯಲ್ಲಿ ಹತ್ತು ವರ್ಷದ ಹುಡುಗಿಯಾಗಿ ಸಿಕ್ಕರೆ, 1913ರಲ್ಲಿ ತಿದ್ದಿದ ನಕ್ಷೆ ಎಷ್ಟು ಚೆನ್ನಾಗಿದ್ದರೂ ಆ ಹುಡುಗಿಯ ಬೀದಿ ಅದರಲ್ಲಿ ಇರದೇ ಹೋಗಬಹುದು. ರೈಲು ಬಂದು ಅರ್ಧ ಬೀದಿ ನುಂಗಿರುತ್ತದೆ, ಕೊಳೆಗೇರಿ ಅಂತ ಕೆಡವಿರುತ್ತಾರೆ, ಹೆಸರೇ ಬದಲಾಗಿರುತ್ತದೆ. ಲಂಡನ್ನಿನಲ್ಲಂತೂ 1930ರ ದಶಕದಲ್ಲಿ ಕೌಂಟಿ ಕೌನ್ಸಿಲ್‌ನವರು ಒಂದೇ ಹೆಸರಿನ ಹತ್ತಾರು ಬೀದಿಗಳ ಗೊಂದಲ ತಪ್ಪಿಸಬೇಕು ಅಂತ ರಾಶಿ ರಾಶಿ ಹೆಸರು ಬದಲಿಸಿದರು.

ಮಡಿಸಿದ ಗಾಡ್‌ಫ್ರೀ ನಕ್ಷೆ

ಡರಮ್ ಕೌಂಟಿಯ ಆಲನ್ ಗಾಡ್‌ಫ್ರೀ ಮ್ಯಾಪ್ಸ್‌ನವರು 1980ರ ದಶಕದಿಂದ ಇದೇ ಕೆಲಸ ಮಾಡುತ್ತಿದ್ದಾರೆ. ಹಳೇ ಇಪ್ಪತ್ತೈದಿಂಚಿನ ಶೀಟನ್ನು ಸ್ವಲ್ಪ ಕುಗ್ಗಿಸಿ, ಹೆಚ್ಚುಕಮ್ಮಿ ಮೈಲಿಗೆ ಹದಿನೈದಿಂಚು, ಕಪ್ಪು-ಬಿಳುಪಿನಲ್ಲಿ ಅಚ್ಚು ಹಾಕಿ ಮಡಿಸಿ ಮಾರುತ್ತಾರೆ. ಬೆಲೆ ಕೆಲವೇ ಪೌಂಡು. ಊರಿನ ಇತಿಹಾಸ ಹುಡುಕುವ ಬ್ರಿಟಿಷರ ಮನೆಯಲ್ಲಿ ಈ ನಕ್ಷೆಗಳ ಕಟ್ಟು ಒಂದಾದರೂ ಇರುತ್ತದೆ ಅಂದರೆ ಜಾಸ್ತಿ ಹೇಳಿದ ಹಾಗಲ್ಲ.

ಕುಗ್ಗಿಸಿದ್ದರಿಂದ ಏನು ಹೋಯಿತು? ನಮ್ಮ ಐದು ಮೀಟರ್ ಮನೆ ಎರಡು ಮಿಲಿಮೀಟರ್‌ನಿಂದ ಒಂದು ಮಿಲಿಮೀಟರ್ ಚಿಲ್ಲರೆಗೆ ಇಳಿಯಿತು. ಸಣ್ಣ ಅಕ್ಷರ ಓದಲು ಭೂತಗನ್ನಡಿ ಬೇಕು, ನಲವತ್ತು ದಾಟಿದವರಿಗೆ ಖಂಡಿತ ಬೇಕು. ಏನು ಸಿಕ್ಕಿತು? ಒಂದೂವರೆ ಮೈಲಿ ಉದ್ದ, ಒಂದು ಮೈಲಿ ಅಗಲದ ಜಾಗ ಊಟದ ಮೇಜಿನ ಅರ್ಧದಲ್ಲಿ ಹರಡಿಕೊಳ್ಳುತ್ತದೆ. ಮನೆಯಿಂದ ಗಿರಣಿಗೆ, ಗಿರಣಿಯಿಂದ ಚರ್ಚಿಗೆ, ಚರ್ಚಿನಿಂದ ಪಬ್ಬಿಗೆ ಎಷ್ಟು ದೂರ ನಡೆಯುತ್ತಿದ್ದರು ಅನ್ನುವುದು ಒಂದೇ ನೋಟಕ್ಕೆ ಸಿಗುತ್ತದೆ. ಮೂಲ ಶೀಟು ಮೂವತ್ತೆಂಟು ಇಂಚು ಉದ್ದ. ಅದನ್ನು ಹಿಡಿದುಕೊಂಡು ಗಾಳಿಯಲ್ಲಿ, ಮಳೆಯಲ್ಲಿ, ಅದೂ ಇಂಗ್ಲೆಂಡಿನ ಮಳೆಯಲ್ಲಿ, ಬೀದಿ ಸುತ್ತಲು ಆಗುವುದಿಲ್ಲ.

ಅದಕ್ಕಿಂತ ದೊಡ್ಡ ಲಾಭ ನಕ್ಷೆಯ ಬೆನ್ನ ಮೇಲಿದೆ. ಅಲ್ಲಿ ಆ ಪ್ರದೇಶದ ಬಗ್ಗೆ ಗೊತ್ತಿದ್ದವರು ಬರೆದ ಲೇಖನ ಇರುತ್ತದೆ. ಬಹಳ ಶೀಟುಗಳಲ್ಲಿ ಆ ಕಾಲದ ವ್ಯಾಪಾರಿಗಳ ಡೈರೆಕ್ಟರಿಯಿಂದ ಒಂದೆರಡು ಬೀದಿಯ ಪಟ್ಟಿಯೂ ಇರುತ್ತದೆ. ಇಂಥ ನಂಬರಿನಲ್ಲಿ ಕಟುಕ, ಪಕ್ಕದಲ್ಲಿ ಚಮ್ಮಾರ, ಮೂಲೆಯಲ್ಲಿ ಪಬ್ಬು ಅಂತ. ಇದು ಯಾಕೆ ಮುಖ್ಯ ಅಂದರೆ, ಎರಡನೇ ಮಹಾಯುದ್ಧಕ್ಕೆ ಮುಂಚಿನ ಇಪ್ಪತ್ತೈದಿಂಚಿನ ನಕ್ಷೆಯಲ್ಲಿ ಮನೆ ನಂಬರೇ ಇರುವುದಿಲ್ಲ! ಮೊದಲ ಸಲ ನೋಡುವವರಿಗೆ ಇದು ದೊಡ್ಡ ನಿರಾಸೆ. ಗಣತಿಯಲ್ಲಿ 47ನೇ ನಂಬರ್ ಅಂತ ಇರುತ್ತದೆ, ನಕ್ಷೆಯಲ್ಲಿ ಒಂದೇ ಥರದ ಅರವತ್ತು ಪೆಟ್ಟಿಗೆ. ಎಲ್ಲಿಂದ ಎಣಿಸುವುದು? ಡೈರೆಕ್ಟರಿಯಲ್ಲಿ 31ನೇ ನಂಬರ್ ಆದಮೇಲೆ ಇಂಥ ಅಡ್ಡಬೀದಿ ಬರುತ್ತದೆ ಅಂತ ಬರೆದಿರುತ್ತಾರೆ. ನಕ್ಷೆಯಲ್ಲಿ ಪಬ್ಬು ಇದ್ದರೆ ಪಿ.ಎಚ್. (ಪಬ್ಲಿಕ್ ಹೌಸ್) ಅಂತ ಗುರುತು ಇರುತ್ತದೆ. ಎರಡನ್ನೂ ಜೋಡಿಸಿ ಅಲ್ಲಿಂದ ಎಣಿಸಿಕೊಂಡು ಹೋಗಬೇಕು. ನಡುವೆ ಬೀದಿಗೆ ಹೊಸ ನಂಬರ್ ಕೊಟ್ಟಿದ್ದರೆ ಆ ಲೆಕ್ಕವೂ ತಲೆಕೆಳಗು, ಅದಕ್ಕೇ ನಕ್ಷೆಯ ವರ್ಷಕ್ಕೆ ಹತ್ತಿರದ ಡೈರೆಕ್ಟರಿಯೇ ಆಗಬೇಕು.

ಕೊರತೆ ಇಲ್ಲವೆಂದಲ್ಲ. ಬಣ್ಣ ಇಲ್ಲ. ಹಳೇ ಇಪ್ಪತ್ತೈದಿಂಚಿನ ಶೀಟುಗಳಲ್ಲಿ ಕೆಲವಕ್ಕೆ ಕೈಯಿಂದ ಬಣ್ಣ ಹಾಕುತ್ತಿದ್ದರು, ಇಟ್ಟಿಗೆ-ಕಲ್ಲಿನ ಕಟ್ಟಡಕ್ಕೆ ಗುಲಾಬಿ, ಮರ-ತಗಡಿನದಕ್ಕೆ ಬೂದು, ನೀರಿಗೆ ನೀಲಿ. ಹಿತ್ತಲ ಆ ಕೋಣೆ ಇಟ್ಟಿಗೆಯದೋ ಮರದ ಶೆಡ್ಡೋ ಅನ್ನುವುದು ಬಣ್ಣದಿಂದಲೇ ಗೊತ್ತಾಗುತ್ತದೆ, ಕಪ್ಪು-ಬಿಳುಪಿನಲ್ಲಿ ಅದು ಮಾಯ. ಜೊತೆಗೆ ಪಟ್ಟಣಗಳಿಗೆ ಇರುವಷ್ಟು ಸಮೃದ್ಧಿ ಹಳ್ಳಿಗಳಿಗೆ ಇಲ್ಲ.

ಪುಕ್ಕಟೆ ಸ್ಕ್ಯಾನು

ಎಡಿನ್‌ಬರೋದಲ್ಲಿರುವ ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್‌ನವರು ಮಾಡಿರುವ ಉಪಕಾರಕ್ಕೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಹೆಸರು ಸ್ಕಾಟ್ಲೆಂಡ್ ಆದರೂ ಇಂಗ್ಲೆಂಡ್, ವೇಲ್ಸಿನ ನಕ್ಷೆಗಳೂ ಅಲ್ಲಿವೆ. ಆರಿಂಚು, ಇಪ್ಪತ್ತೈದಿಂಚು, ಪಟ್ಟಣದ ದೊಡ್ಡ ನಕ್ಷೆ, ಯುದ್ಧದ ನಂತರದ 1:1250, ಎಲ್ಲ. ದುಡ್ಡು ಬೇಡ, ಲಾಗಿನ್ ಬೇಡ. ಬಣ್ಣ ಹಾಕಿದ ಶೀಟು ಇದ್ದರೆ ಬಣ್ಣದಲ್ಲೇ ಕಾಣುತ್ತದೆ. ಒಂದು ಪಕ್ಕ ಹಳೇ ನಕ್ಷೆ, ಇನ್ನೊಂದು ಪಕ್ಕ ಇವತ್ತಿನ ಉಪಗ್ರಹ ಚಿತ್ರ ಇಟ್ಟು, ಎರಡರಲ್ಲೂ ಒಂದೇ ಜಾಗಕ್ಕೆ ಕರ್ಸರ್ ನಿಲ್ಲಿಸಬಹುದು. ಇಲ್ಲದಿದ್ದರೆ ಹಳೇ ನಕ್ಷೆಯನ್ನು ಇವತ್ತಿನದರ ಮೇಲೆ ಹೊದಿಸಿ ಸ್ವಲ್ಪ ಸ್ವಲ್ಪವೇ ಮಸುಕು ಮಾಡಿ ನೋಡಬಹುದು. ಕಳೆದುಹೋದ ಬೀದಿ ಹುಡುಕುವುದಕ್ಕೆ ಇದನ್ನು ಮೀರಿಸಿದ್ದು ಇಲ್ಲ. ಈಗಿನ ಕಾರ್ ಪಾರ್ಕಿನ ಯಾವ ಮೂಲೆಯಲ್ಲಿ ನಿಮ್ಮ ಮುತ್ತಜ್ಜಿ ಹುಟ್ಟಿದ್ದು ಅಂತ ಕೆಲವೇ ನಿಮಿಷದಲ್ಲಿ ಬೆರಳಿಟ್ಟು ತೋರಿಸಬಹುದು.

1:1250ರ ಬಗ್ಗೆ ಒಂದು ಮಾತು. ಪಟ್ಟಣಗಳಿಗೆ ಯುದ್ಧದ ನಂತರ ಬಂದದ್ದು ಇದು, ಇದರಲ್ಲಿ ಮನೆ ನಂಬರ್ ಇದೆ. 1950ರ ದಶಕದಲ್ಲಿ ಎಷ್ಟೋ ವಿಕ್ಟೋರಿಯನ್ ಬೀದಿಗಳು ಇನ್ನೂ ನಿಂತಿದ್ದವು, ಬುಲ್ಡೋಜರ್ ಬಂದದ್ದು ಆಮೇಲೆ. ಹಾಗಾಗಿ 1881ರ ಮನೆ ಹುಡುಕಲು ಮೊದಲು 1950ರ ದಶಕದ ನಕ್ಷೆಯಲ್ಲಿ ನಂಬರ್ ಹಿಡಿದು, ಅಲ್ಲಿಂದ ಹಿಂದಕ್ಕೆ ಹೋಗುವುದು ಕೆಲವು ಸಲ ಸುಲಭದ ದಾರಿ. ಬೀದಿಯ ನಂಬರು ಬದಲಾಗಿಲ್ಲ ಅಂತ ಖಾತ್ರಿ ಮಾಡಿಕೊಂಡರೆ ಸಾಕು. ಇವೆಲ್ಲ ಪುಕ್ಕಟೆ ಹೇಗೆ ಅಂತ ಕೇಳಿದರೆ, ಸರ್ಕಾರಿ ನಕ್ಷೆಗಳಿಗೆ ಅಲ್ಲಿ ಹಕ್ಕುಸ್ವಾಮ್ಯ ಇರುವುದು 50 ವರ್ಷ ಮಾತ್ರ.

ಎಲ್ಲ ಪುಕ್ಕಟೆ ಸಿಗುವಾಗ ಕಾಗದ ಯಾಕೆ ಕೊಳ್ಳಬೇಕು? ಪರದೆಯಲ್ಲಿ ನೀವು ನೋಡುವುದು ಒಂದು ಕಿಟಕಿಯಷ್ಟು ಜಾಗ. ಹತ್ತಿರ ಹೋದರೆ ಸುತ್ತಲಿನದು ಕಾಣದು, ದೂರ ಬಂದರೆ ಮನೆ ಕಾಣದು. ಇನ್ನೊಂದು, ವಯಸ್ಸಾದ ದೊಡ್ಡಪ್ಪನ ಮುಂದೆ ಟ್ಯಾಬ್ಲೆಟ್ ಹಿಡಿದರೆ ಎರಡು ಮಾತು ಬರುತ್ತದೆ, ಮೇಜಿನ ಮೇಲೆ ಕಾಗದ ಹರಡಿದರೆ ಇಡೀ ಸಂಜೆ ಮಾತು ಬರುತ್ತದೆ. ಮತ್ತೆ, ವೆಬ್‌ಸೈಟು ಯಾವತ್ತೂ ಇದ್ದೇ ಇರುತ್ತದೆ ಅಂತ ಭರವಸೆ ಇಲ್ಲ. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿ ಆಗಿ ಅವರ ಆನ್‌ಲೈನ್ ಸೇವೆಗಳು ತಿಂಗಳುಗಟ್ಟಲೆ ಸಿಗಲಿಲ್ಲ. ಮನೆಯಲ್ಲಿ ಮಡಿಸಿಟ್ಟ ಕಾಗದಕ್ಕೆ ಆ ಭಯ ಇಲ್ಲ.

ಹಿತ್ತಲು, ವಠಾರ, ಚರ್ಚಿನ ಸೀಟು

ಈಗ 1:500ಕ್ಕೆ ಬರೋಣ. 1850ರ ದಶಕದ ಮಧ್ಯದಿಂದ, ಸುಮಾರು 4,000ಕ್ಕಿಂತ ಜಾಸ್ತಿ ಜನ ಇದ್ದ ಪಟ್ಟಣಗಳಿಗೆ ಈ ಅಳತೆಯಲ್ಲಿ ನಕ್ಷೆ ಮಾಡಿದರು. ಅದಕ್ಕೆ ಮುಂಚೆ, 1840ರ ದಶಕದಿಂದ, ಮೈಲಿಗೆ ಐದು ಅಡಿಯ 1:1056 ಇತ್ತು. ಕಾರಣ ಬಹಳ ಮಟ್ಟಿಗೆ ಚರಂಡಿ. ಕಾಲರಾ ಹರಡುತ್ತಿದ್ದ ಕಾಲ, ಕೊಳವೆ ಹಾಕಬೇಕು ಅಂದರೆ ಯಾವ ಗೋಡೆ ಎಲ್ಲಿದೆ ಅಂತ ಗೊತ್ತಿರಬೇಕು. ಆ ಪುಣ್ಯದಿಂದ ನಮಗೆ ಸಿಕ್ಕಿದ್ದು ಅದ್ಭುತ ನಕ್ಷೆಗಳು. ದೀಪದ ಕಂಬ, ನೀರಿನ ಪಂಪು, ತೋಟದೊಳಗಿನ ಕಾಲುದಾರಿ ಎಲ್ಲ ಇದೆ. ಚರ್ಚು, ಟೌನ್ ಹಾಲಿನಂಥ ಸಾರ್ವಜನಿಕ ಕಟ್ಟಡಗಳ ಒಳಗಿನ ಗೋಡೆಗಳೂ ಇವೆ, ಈ ಚರ್ಚಿನಲ್ಲಿ ಇಷ್ಟು ಜನಕ್ಕೆ ಸೀಟು ಅಂತ ಬರೆದಿದ್ದಾರೆ ಕೂಡ.

ನಿಮ್ಮವರು ವಠಾರದಲ್ಲಿ ಇದ್ದವರಾದರೆ ಈ ಅಳತೆಯೇ ಬೇಕು. ಬರ್ಮಿಂಗ್‌ಹ್ಯಾಮ್, ಲೀಡ್ಸ್‌ನಂಥ ಕಡೆ ಕಾರ್ಮಿಕರ ಮನೆಗಳು ಬೆನ್ನಿಗೆ ಬೆನ್ನು ಹಚ್ಚಿಕೊಂಡು ಇರುತ್ತಿದ್ದವು. ಬರ್ಮಿಂಗ್‌ಹ್ಯಾಮಿನಲ್ಲಿ ಒಂದು ಸಾಲು ಬೀದಿಗೆ, ಇನ್ನೊಂದು ಸಾಲು ಒಳಗಿನ ಅಂಗಳಕ್ಕೆ. ಅಂಗಳಕ್ಕೊಂದು ನಂಬರು. ಅಲ್ಲಿನ ಇಂಜ್ ಸ್ಟ್ರೀಟಿನ 15ನೇ ಅಂಗಳವನ್ನು ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಉಳಿಸಿಕೊಂಡು 2004ರಿಂದ ಜನರಿಗೆ ತೋರಿಸುತ್ತಿದೆ, ಹೋಗಿ ನೋಡುವಂಥದ್ದು. ಗಣತಿಯಲ್ಲಿ ‘ಇಷ್ಟನೇ ಅಂಗಳ, ಇಷ್ಟನೇ ಮನೆ’ ಅಂತ ವಿಳಾಸ ಸಿಕ್ಕಿದರೆ, ಕುಗ್ಗಿಸಿದ ಹದಿನೈದಿಂಚಿನ ನಕ್ಷೆಯಲ್ಲಿ ಅದು ಬರೀ ಗೆರೆಗಳ ಗೋಜಲು. 1:500ರಲ್ಲಿ ಅಂಗಳಕ್ಕೆ ಹೋಗುವ ಸಂದಿ, ನಡುವಿನ ಸಣ್ಣ ಕಟ್ಟಡಗಳು ಬಿಡಿಬಿಡಿಯಾಗಿ ಕಾಣುತ್ತವೆ.

ಆದರೆ ಈ ನಕ್ಷೆಗಳಿಗೆ ಒಂದು ದೊಡ್ಡ ಮಿತಿ. 1890ರ ದಶಕದ ಮಧ್ಯದಲ್ಲಿ ಸರ್ಕಾರ ತನ್ನ ಖರ್ಚಿನಲ್ಲಿ ಇವನ್ನು ಮಾಡುವುದನ್ನು ನಿಲ್ಲಿಸಿತು. ಹೆಚ್ಚಿನ ಊರುಗಳಿಗೆ ಸಿಗುವುದು ಒಂದೇ ಒಂದು ಕಾಲದ ಚಿತ್ರ. ಅದು ನಿಮ್ಮ ವರ್ಷಕ್ಕೆ ಹೊಂದಿದರೆ ಭಾಗ್ಯ, ಹೊಂದದಿದ್ದರೆ ಇಪ್ಪತ್ತೈದಿಂಚಿಗೇ ವಾಪಸ್. ಇನ್ನೊಂದು ತೊಂದರೆ ಜಾಗದ್ದು. 1:500ರಲ್ಲಿ ಒಂದು ಸಣ್ಣ ಪಟ್ಟಣಕ್ಕೇ ಹತ್ತಾರು ಶೀಟು ಆಗುತ್ತವೆ, ಎಲ್ಲವನ್ನೂ ಕಾಗದದಲ್ಲಿ ಕೊಳ್ಳುವುದು ಹುಚ್ಚು. ಪರದೆಯಲ್ಲಿ ನೋಡಿ, ನಿಮ್ಮ ಬೀದಿಯ ತುಂಡು ಮಾತ್ರ ಪ್ರಿಂಟ್ ಹಾಕಿಸಿ. ಮಧ್ಯದ ದಾರಿಯೂ ಇದೆ. ಗಾಡ್‌ಫ್ರೀಯವರು ಕೆಲವು ಪಟ್ಟಣಗಳ ದೊಡ್ಡ ನಕ್ಷೆಯನ್ನು ಮೈಲಿಗೆ ಒಂದು ಗಜದ ಅಳತೆಗೆ, ಅಂದರೆ 36 ಇಂಚಿಗೆ, ಇಳಿಸಿ ಮುದ್ರಿಸಿದ್ದಾರೆ. ನಮ್ಮ ಮನೆ ಅದರಲ್ಲಿ ಮೂರು ಮಿಲಿಮೀಟರ್ ಹತ್ತಿರ. ನಿಮ್ಮ ಊರು ಆ ಪಟ್ಟಿಯಲ್ಲಿದ್ದರೆ ಯೋಚಿಸದೆ ತಗೊಳ್ಳಿ.

ಬೇಡ ಅನ್ನಬಹುದಾದವು

ಒಂದಿಂಚಿನ ಮರುಮುದ್ರಣಗಳು ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ತುಂಬಾ ಸಿಗುತ್ತವೆ. ನೋಡಲು ಚೆಂದ, ಬೆಟ್ಟಗಳಿಗೆ ಗೀರು ಗೀರು ನೆರಳು, ಗೋಡೆಗೆ ಒಪ್ಪುತ್ತವೆ. 1969ರ ನಂತರ ಡೇವಿಡ್ ಅಂಡ್ ಚಾರ್ಲ್ಸ್ ಪ್ರಕಾಶನದವರು 97 ಶೀಟುಗಳಲ್ಲಿ ಇಂಗ್ಲೆಂಡ್-ವೇಲ್ಸ್ ಪೂರ್ತಿ ತಂದರು. ಆದರೆ ಅವರು ಬಳಸಿದ ಶೀಟುಗಳಲ್ಲಿ ಬಹಳಷ್ಟು, ಹಳೇ ತಾಮ್ರದ ಅಚ್ಚಿಗೆ ಆಮೇಲೆ ರೈಲು ಮಾರ್ಗ ಸೇರಿಸಿದಂಥವು. ಒಂದೇ ಕಾಗದದಲ್ಲಿ ಹೊಲಗಳು ಒಂದು ಕಾಲದವು, ರೈಲು ಇನ್ನೊಂದು ಕಾಲದ್ದು. ಕ್ಯಾಸಿನಿ ಅನ್ನುವ ಪ್ರಕಾಶಕರದು ಇನ್ನೊಂದು ಬಗೆ, ಹಳೇ ಒಂದಿಂಚನ್ನು ಇವತ್ತಿನ 1:50,000 ನಕ್ಷೆಗೆ ಹೊಂದುವ ಹಾಗೆ ಹಿಗ್ಗಿಸಿದ್ದು. ಹಳ್ಳಿಯಿಂದ ಹಳ್ಳಿಗೆ ಹೋದ ಮನೆತನದ ಜಾಡು ಹಿಡಿಯಲು ಸರಿ. ಬೀದಿ ಹುಡುಕುವವರಿಗೆ ಎರಡೂ ಬೇಡ.

ಆನ್‌ಲೈನಿನಲ್ಲಿ ‘ನಿಮ್ಮ ಮನೆಯೇ ನಡುವೆ ಬರುವ ಹಳೇ ನಕ್ಷೆ’ ಅಂತ ಮಾಡಿಕೊಡುವವರು ಇದ್ದಾರೆ. ಗೃಹಪ್ರವೇಶದ ಉಡುಗೊರೆಗೆ ಒಳ್ಳೆಯದೇ. ಇತಿಹಾಸಕ್ಕೆ ಅಲ್ಲ. ನಾಲ್ಕು ಶೀಟು ಕತ್ತರಿಸಿ ಅಂಟಿಸುವಾಗ ಅಂಚು ಹೋಗುತ್ತದೆ, ಅಂಚಿನ ಜೊತೆ ವರ್ಷವೂ ಹೋಗುತ್ತದೆ. ಎಡಗಡೆಯ ಅರ್ಧ ಒಂದು ವರ್ಷ ತಿದ್ದಿದ್ದು, ಬಲಗಡೆಯದು ಐದಾರು ವರ್ಷ ಆಮೇಲೆ ತಿದ್ದಿದ್ದು ಇರಬಹುದು, ನೋಡಿದರೆ ಗೊತ್ತಾಗುವುದಿಲ್ಲ. ಕೊಳ್ಳುವುದಾದರೆ ಯಾವ ಶೀಟು, ಯಾವ ವರ್ಷ ಅಂತ ಬರವಣಿಗೆಯಲ್ಲಿ ಕೇಳಿ.

ಅಂಗಡಿ ಬೀದಿಯವರಿಗೆ ಗೋಡ್, ಲಂಡನ್ನಿನವರಿಗೆ ಇನ್ನಷ್ಟು

ನಿಮ್ಮವರು ಪೇಟೆಯಲ್ಲಿ ಅಂಗಡಿ, ಗೋದಾಮು ಇಟ್ಟವರಾದರೆ ಆರ್ಡ್‌ನೆನ್ಸ್ ಸರ್ವೆಗಿಂತ ಒಳ್ಳೆಯದು ಇನ್ನೊಂದಿದೆ. ಚಾರ್ಲ್ಸ್ ಗೋಡ್ ಅನ್ನುವವರ ಕಂಪನಿ 1880ರ ದಶಕದಿಂದ ಬೆಂಕಿ ವಿಮೆಯವರಿಗೆ ಅಂತ ನಕ್ಷೆ ಮಾಡಿತು, 40 ಅಡಿಗೆ ಒಂದಿಂಚು. ಅದರಲ್ಲಿ ಮನೆ ನಂಬರ್ ಇದೆ, ಒಳಗೆ ಏನು ವ್ಯಾಪಾರ ಇದೆ, ಎಷ್ಟು ಮಹಡಿ ಇದೆ, ಇಟ್ಟಿಗೆಯಾದರೆ ಗುಲಾಬಿ, ಮರವಾದರೆ ಹಳದಿ. ಆದರೆ ದೊಡ್ಡ ಊರುಗಳ ವ್ಯಾಪಾರದ ನಡುಭಾಗಕ್ಕೆ ಮಾತ್ರ ಇದು. ಟೆರೇಸ್ ಮನೆಗಳ ಬಡಾವಣೆಗೆ ವಿಮೆಯವರು ತಲೆ ಕೆಡಿಸಿಕೊಳ್ಳಲಿಲ್ಲ.

ಅಮೆರಿಕದಲ್ಲಿರುವವರಿಗೆ ಇದೇ ಕುಲದ ಸ್ಯಾನ್‌ಬಾರ್ನ್ ನಕ್ಷೆಗಳಿವೆ, ಸಣ್ಣ ಸಣ್ಣ ಊರಿಗೂ ಇವೆ, ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಪುಕ್ಕಟೆ. ಹೊಸ ಕಟ್ಟಡ ಬಂದಾಗ ಹಳೇ ಶೀಟಿನ ಮೇಲೆ ಚೀಟಿ ಅಂಟಿಸಿ ತಿದ್ದುತ್ತಿದ್ದರು, ಹಾಗಾಗಿ ಅಲ್ಲೂ ವರ್ಷದ ಬಗ್ಗೆ ಎಚ್ಚರ ಬೇಕು.

ಲಂಡನ್ನಿನವರ ಭಾಗ್ಯವೇ ಬೇರೆ. 1790ರ ದಶಕದಲ್ಲಿ ರಿಚರ್ಡ್ ಹಾರ್‌ವುಡ್ ಅನ್ನುವವರು 32 ಶೀಟುಗಳಲ್ಲಿ ಪ್ರತಿ ಮನೆಯನ್ನೂ ನಂಬರ್ ಸಮೇತ ಗುರುತಿಸಲು ಹೊರಟರು. ನಂಬರುಗಳು ಪೂರ್ತಿ ಆಗಲಿಲ್ಲ, ಆದರೂ ಆ ಕಾಲಕ್ಕೆ ಅಂಥದ್ದು ಇನ್ನೊಂದಿಲ್ಲ. 1880ರಲ್ಲಿ ಶುರುವಾದ ಲಂಡನ್ ಟೊಪೊಗ್ರಾಫಿಕಲ್ ಸೊಸೈಟಿಯವರು ಇಂಥ ನಕ್ಷೆಗಳನ್ನು ಮರುಮುದ್ರಿಸುತ್ತಾ ಬಂದಿದ್ದಾರೆ, ಕೆಲವನ್ನು ಬೀದಿಗಳ ಅಕಾರಾದಿ ಸಮೇತ ಪುಸ್ತಕವಾಗಿ. 1890ರ ದಶಕದ ಲಂಡನ್‌ಗೆ 1:1056 ಇದೆ. ಬಡತನ ಎಲ್ಲೆಲ್ಲಿ ಎಷ್ಟು ಅಂತ ಬೀದಿ ಬೀದಿಗೆ ಬಣ್ಣ ಹಚ್ಚಿದ ಚಾರ್ಲ್ಸ್ ಬೂತ್ ಅವರ ನಕ್ಷೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನವರ ಬಳಿ ಪುಕ್ಕಟೆ ನೋಡಲು ಸಿಗುತ್ತದೆ.

ಅಭ್ಯಾಸಕ್ಕೆ ಒಂದು ಜಾಗ ಬೇಕೆಂದರೆ ಬಸವಣ್ಣನ ಪ್ರತಿಮೆ ಇರುವ, ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ತಗೊಳ್ಳಿ. 2015ರ ನವೆಂಬರ್‌ನಲ್ಲಿ ಪ್ರತಿಮೆ ಅನಾವರಣವಾದ ಮೇಲೆ ಲಂಡನ್‌ಗೆ ಹೋದ ಕನ್ನಡಿಗರು ಅಲ್ಲಿಗೆ ಹೋಗದೆ ಬರುವುದಿಲ್ಲ. ಆ ಜಾಗದಲ್ಲಿ 1860ರ ದಶಕದವರೆಗೆ ಈಗಿನ ದಂಡೆಯೇ ಇರಲಿಲ್ಲ. ಥೇಮ್ಸ್ ನದಿ ಒಳಗೆ ಚಾಚಿಕೊಂಡಿತ್ತು. ಎಂಜಿನಿಯರ್ ಬ್ಯಾಜಲ್‌ಗೆಟ್ ಅವರ ಎಂಬ್ಯಾಂಕ್‌ಮೆಂಟ್ (ನದಿಗೆ ದಂಡೆ ಕಟ್ಟುವ) ಕೆಲಸ 1866ರಿಂದ 1869ರವರೆಗೆ ನಡೆಯಿತು. ಹಾರ್‌ವುಡ್ ನಕ್ಷೆ, 1870ರ ಸುಮಾರಿನದು, 1890ರ ದಶಕದ್ದು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ನದಿಯ ಅಂಚು ಸರಿದದ್ದು, ಡೌಲ್ಟನ್ ಕುಂಬಾರಿಕೆ ಕಾರ್ಖಾನೆ, ಈಗಿನದಕ್ಕಿಂತ ಹಿಂದಿನ ಲ್ಯಾಂಬೆತ್ ಸೇತುವೆ, 1871ರಲ್ಲಿ ಹೊಸದಾಗಿ ಬಂದ ಸೇಂಟ್ ಥಾಮಸ್ ಆಸ್ಪತ್ರೆ ಎಲ್ಲ ಒಂದೊಂದಾಗಿ ತಿಳಿಯುತ್ತದೆ. ಯಾವ ವರ್ಷದ ನಕ್ಷೆ ಅನ್ನುವುದು ಯಾಕಿಷ್ಟು ಮುಖ್ಯ ಅಂತ ಬೇರೆ ವಿವರಣೆ ಬೇಕಾಗುವುದಿಲ್ಲ.

ಕೆಜಿಎಫ್‌ನವರು ನೋಡಬೇಕಾದದ್ದು

1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕೋಲಾರದ ಚಿನ್ನದ ಗಣಿಯನ್ನು ಕೈಗೆ ತಗೊಂಡಾಗ ಕಾರ್ನ್‌ವಾಲಿನ ಗಣಿಗಾರರು ಬಂದರು. ತವರಿನಲ್ಲಿ ತವರ-ತಾಮ್ರದ ಗಣಿಗಳು ಮುಚ್ಚುತ್ತಿದ್ದವು. ಹಾಗೆ ಬಂದವರ ಮನೆತನದವರಾದರೆ ಕ್ಯಾಂಬೋರ್ನ್, ರೆಡ್ರೂತ್ ಸುತ್ತಿನ ಇಪ್ಪತ್ತೈದಿಂಚಿನ ನಕ್ಷೆಯಿಂದ ಶುರು ಮಾಡುವುದು ವಾಸಿ. ಅಲ್ಲಿ ಗಣಿ, ಶಾಫ್ಟು, ಯಂತ್ರದ ಮನೆ, ಗಣಿಗಾರರ ಸಾಲು ಮನೆ ಎಲ್ಲ ಒಂದರ ಪಕ್ಕ ಒಂದು. ಅದಕ್ಕಿಂತ ಉಪಯೋಗದ್ದು ಚಾಪೆಲ್ಲುಗಳು, ಅಂದರೆ ಊರ ಚರ್ಚಿನಿಂದ ಬೇರೆಯಾದ ಪಂಗಡಗಳ ಪ್ರಾರ್ಥನಾ ಮಂದಿರಗಳು. ನಕ್ಷೆಯಲ್ಲಿ ಚಾಪೆಲ್ ಅಂತ ಬರೆದು ಬಿಡುವುದಿಲ್ಲ, ವೆಸ್ಲಿಯನ್ನೋ, ಪ್ರಿಮಿಟಿವ್ ಮೆಥಡಿಸ್ಟೋ, ಬೈಬಲ್ ಕ್ರಿಶ್ಚಿಯನ್ನೋ ಅಂತ ಪಂಗಡವನ್ನೂ ಬರೆದಿರುತ್ತಾರೆ. 1932ರಲ್ಲಿ ಮೆಥಡಿಸ್ಟರೆಲ್ಲ ಒಂದಾಗುವ ಮುಂಚೆ ಈ ಪಂಗಡಗಳ ದೀಕ್ಷಾಸ್ನಾನದ ರಿಜಿಸ್ಟರ್ ಬೇರೆ ಬೇರೆ. ಊರ ಚರ್ಚಿನ ರಿಜಿಸ್ಟರಿನಲ್ಲಿ ಮುತ್ತಜ್ಜನ ಹೆಸರು ಸಿಗಲಿಲ್ಲ ಅಂದರೆ, ಮನೆಯಿಂದ ನೂರು ಗಜದಲ್ಲಿ ಯಾವ ಚಾಪೆಲ್ ಇತ್ತು ಅಂತ ನಕ್ಷೆಯಲ್ಲಿ ನೋಡಿ ಅಲ್ಲಿ ಹುಡುಕಿ.

ದಂಡಿನ ಕಡೆಯವರು ಇನ್ನೊಂದು ನೆನಪಿಡಿ. ಬೆಂಗಳೂರಿನ ಹಳೇ ದೀಕ್ಷಾಸ್ನಾನ, ಮದುವೆ, ಸಮಾಧಿಯ ದಾಖಲೆಗಳು ಲಂಡನ್ನಿನ ಇಂಡಿಯಾ ಆಫೀಸ್ (ಆಗ ಭಾರತದ ಆಡಳಿತ ನೋಡುತ್ತಿದ್ದ ಕಚೇರಿ) ಕಡತಗಳಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯ ಕಟ್ಟಿನಲ್ಲಿವೆ, ಮೈಸೂರು ಅಂತ ಹುಡುಕಿದರೆ ಸಿಗುವುದಿಲ್ಲ. ಅಲ್ಲಿಂದ ಊರಿನ ಸುಳಿವು ಹಿಡಿದುಕೊಂಡು ನಕ್ಷೆಗೆ ಬರಬೇಕು.

ಪಹಣಿ ಥರ ಅಲ್ಲ ಇದು

ಇಪ್ಪತ್ತೈದಿಂಚಿನ ನಕ್ಷೆಯಲ್ಲಿ ಪ್ರತಿ ಹೊಲಕ್ಕೂ ಒಂದು ನಂಬರ್ ಇರುತ್ತದೆ, ಬಹಳ ಶೀಟುಗಳಲ್ಲಿ ಕೆಳಗೆ ಎಕರೆ ಲೆಕ್ಕ ಮೂರು ದಶಾಂಶದವರೆಗೆ. .350 ಅಂದರೆ ನಮ್ಮ ಹದಿನಾಲ್ಕು ಗುಂಟೆ. ನೋಡಿದ ತಕ್ಷಣ ನಮ್ಮವರಿಗೆ ಸರ್ವೆ ನಂಬರ್ ನೆನಪಾಗುತ್ತದೆ, ಇದನ್ನು ಹಿಡಿದು ಮಾಲೀಕರ ಹೆಸರು ತೆಗೆಯಬಹುದು ಅನ್ನಿಸುತ್ತದೆ. ಆಗುವುದಿಲ್ಲ. ಆರ್ಡ್‌ನೆನ್ಸ್ ಸರ್ವೆಯವರು ಬೇಲಿ ಅಳೆದರು, ಬೇಲಿ ಯಾರದು ಅಂತ ಕೇಳಲಿಲ್ಲ. ಪಹಣಿಗೆ ಹತ್ತಿರದ್ದು ಬೇಕೆಂದರೆ ಬೇರೆ ಎರಡು ಇವೆ. 1836ರ ಕಾಯ್ದೆಯ ನಂತರ ಮಾಡಿದ ಟೈತ್ (ಚರ್ಚಿಗೆ ಕೊಡಬೇಕಿದ್ದ ಬೆಳೆಯ ಹತ್ತನೇ ಒಂದು ಪಾಲು) ನಕ್ಷೆಗಳಲ್ಲಿ ಮಾಲೀಕರು, ಉಳುವವರು ಇಬ್ಬರ ಹೆಸರೂ ಇದೆ, ಆದರೆ ಪಟ್ಟಣದ ನಡುಭಾಗಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ಇನ್ನೊಂದು 1910ರ ಫೈನಾನ್ಸ್ ಆ್ಯಕ್ಟ್ ಪ್ರಕಾರ ಮಾಡಿದ ಆಸ್ತಿ ಮೌಲ್ಯಮಾಪನ. ಅದಕ್ಕೆ ಇಪ್ಪತ್ತೈದಿಂಚಿನ ಶೀಟುಗಳನ್ನೇ ಬಳಸಿ ಪ್ರತಿ ಆಸ್ತಿಗೆ ನಂಬರ್ ಕೊಟ್ಟರು, ಮನೆಯಲ್ಲಿ ಎಷ್ಟು ಕೋಣೆ, ಯಾರ ಬಾಡಿಗೆ ಅಂತ ಪುಸ್ತಕಗಳಲ್ಲಿ ಬರೆದರು. ಆ ಪುಸ್ತಕಗಳು ಲಂಡನ್ನಿನ ಕ್ಯೂ ಬಡಾವಣೆಯ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. 1911ರ ಗಣತಿ, 1910ರ ಮೌಲ್ಯಮಾಪನ, ಆ ಹೊತ್ತಿಗೆ ಹತ್ತಿರದಲ್ಲಿ ತಿದ್ದಿದ ಒಂದು ಶೀಟು, ಈ ಮೂರೂ ಒಟ್ಟಿಗೆ ಸಿಕ್ಕರೆ ಒಂದು ಮನೆಯ ಚಿತ್ರ ಬಹುಮಟ್ಟಿಗೆ ಪೂರ್ತಿ.

ಆರ್ಡರ್ ಮಾಡುವ ಮುಂಚೆ

ಶೀಟಿನ ಅಂಚು ನೋಡಿಕೊಳ್ಳಿ. ನಮ್ಮ ಬೀದಿ ಯಾವಾಗಲೂ ನಾಲ್ಕು ಶೀಟು ಸೇರುವ ಮೂಲೆಯಲ್ಲೇ ಇರುತ್ತದೆ, ಇದು ಈ ಹವ್ಯಾಸದ ಶಾಪ. ಸ್ಕಾಟ್ಲೆಂಡ್ ಲೈಬ್ರರಿಯ ಸೈಟಿನಲ್ಲಿ ಶೀಟ್ ನಂಬರ್ ತೋರಿಸುತ್ತಾರೆ, ಅದನ್ನು ಬರೆದುಕೊಂಡು ಅಂಗಡಿಯ ಪಟ್ಟಿಗೆ ಹೋಲಿಸಿ. ಊರಿನ ಹೆಸರು ಮಾತ್ರ ನೋಡಿ ಕೊಂಡರೆ ನಿಮ್ಮ ಬೀದಿ ಪಕ್ಕದ ಶೀಟಿನಲ್ಲಿ ಉಳಿದಿರುತ್ತದೆ. ಎರಡು ಕೌಂಟಿಗಳ ಗಡಿಯಲ್ಲಿರುವ ಊರಾದರೆ ಇನ್ನೂ ಎಚ್ಚರ. ಮೊದಲ ಸುತ್ತಿನ ನಕ್ಷೆಗಳನ್ನು ಕೌಂಟಿ ಪ್ರಕಾರ ಮಾಡಿದ್ದರಿಂದ, ಗಡಿ ದಾಟಿದ ತಕ್ಷಣ ಕಾಗದ ಖಾಲಿ ಬಿಟ್ಟಿರುವುದುಂಟು. ನದಿಯ ಆಚೆ ದಡ ಬೇಕೆಂದರೆ ಆಚೆ ಕೌಂಟಿಯ ಶೀಟನ್ನೇ ತರಿಸಬೇಕು.

ಭಾರತದಲ್ಲಿ ಕೂತು ತರಿಸುವವರು ಒಂದೊಂದೇ ತರಿಸಬೇಡಿ, ಅಂಚೆ ಖರ್ಚು ನಕ್ಷೆಯ ಬೆಲೆಗಿಂತ ಜಾಸ್ತಿಯಾಗುತ್ತದೆ. ಪಟ್ಟಿ ಮಾಡಿ, ಒಂದೇ ಜಾಗದ ಎರಡು ಕಾಲದ ಶೀಟು ಸೇರಿಸಿ, ರಜೆಗೆ ಬರುವವರ ಕೈಲಿ ತರಿಸಿ. ಮಡಿಸಿದ ಕಾಗದ, ಸೂಟ್‌ಕೇಸಿನಲ್ಲಿ ಭಾರವೂ ಇಲ್ಲ. ಲ್ಯಾಮಿನೇಟ್ ಮಾಡಿಸಬೇಡಿ, ಮಾಡಿಸಿದರೆ ಬೆನ್ನಿನ ಲೇಖನ ಓದುವಾಗೆಲ್ಲ ಪೂರ್ತಿ ಬಿಡಿಸಿ ತಿರುಗಿಸಬೇಕು, ಪೆನ್ಸಿಲ್ಲೂ ಹತ್ತುವುದಿಲ್ಲ. ಗುರುತು ಹಾಕಿಕೊಂಡು ಓಡಾಡಲು ಒಂದು, ಹಾಗೇ ಇಡಲು ಒಂದು, ಎರಡೆರಡು ಪ್ರತಿ ತಗೊಳ್ಳಿ.